ಮಳೆಯ ನದಿಗೆ ಇಳಿಯುವ ಮೊದಲು

ಕಲ್ಯಾಣದಿಂದ ಕಸಾರಾ ಕಡೆಗೆ ಹೋಗುವ ಲೋಕಲ್ ಶಹಾಡ್ ಬಿಟ್ಟು ಅಂಬಿವಲಿಗೆ ಹೊರಟಾಗ ಉಲ್ಹಾಸ್ ನದಿ ಸಿಗುತ್ತದೆ. ಮೇ ತಿಂಗಳಲ್ಲಿ ನೋಡಿದರೆ ಅದು ನದಿಯೋ ಕೆರೆಯೋ ಎಂದು ಅನುಮಾನ ಬರಬೇಕು. ನೀರು ನಿಂತ ಹಾಗೆ ಇರುತ್ತದೆ, ಮೇಲೆ ಅಂತರಗಂಗೆಯ ಹಸಿರು ಹಾಸು. ಜುಲೈಯಲ್ಲಿ ಅದೇ ಜಾಗದಲ್ಲಿ ಚಹಾದ ಬಣ್ಣದ ನೀರು ದಡ ಮುಟ್ಟಿ ಓಡುತ್ತಿರುತ್ತದೆ. ರೈಲಿನ ಬಾಗಿಲಲ್ಲಿ ನಿಂತ ಹುಡುಗರಲ್ಲಿ ಒಬ್ಬನಾದರೂ "ಇದರಲ್ಲಿ ಒಂದು ದಿನ ದೋಣಿ ಬಿಡಬೇಕು" ಅನ್ನದೆ ಇರುವುದಿಲ್ಲ.

ಆ ಆಸೆಯಲ್ಲಿ ತಪ್ಪೇನಿಲ್ಲ. ಕಲ್ಲುಬಂಡೆಗಳ ನಡುವೆ ನೊರೆಯೆದ್ದು ಓಡುವ ನೀರಿನಲ್ಲಿ ಹುಟ್ಟು ಹಾಕಿದವರಿಗೆ ಅದರ ಸುಖ ಗೊತ್ತು. ಆದರೆ ಪ್ರತಿ ಮಳೆಗಾಲದಲ್ಲೂ ಕರ್ಜತ್, ಬದಲಾಪುರ, ಮುರಬಾಡ್ ಕಡೆಯಿಂದ ಬರುವ ಸುದ್ದಿಗಳೂ ನಿಮಗೆ ಗೊತ್ತು. ಸಹಲ್‌ಗೆ ಹೋದ ಐದು ಜನರಲ್ಲಿ ನಾಲ್ವರು ಮನೆಗೆ ಬಂದರು ಎಂಬಂಥ ಸುದ್ದಿ. ಆಸೆ ಇರುವವರು ಹೇಗೆ ಯೋಜನೆ ಮಾಡಬೇಕು, ಯಾವಾಗ ಹೋಗಲೇಬಾರದು ಎಂದು ಹೇಳುವುದಕ್ಕೇ ಈ ಬರಹ. ಇದನ್ನು ಓದಿದರೆ ದೋಣಿ ನಡೆಸಲು ಬರುವುದಿಲ್ಲ. ಅದನ್ನು ನೀರಿನಲ್ಲಿ, ಬಲ್ಲವರ ಜೊತೆ ಇದ್ದೇ ಕಲಿಯಬೇಕು.

ಗಡಿಯಾರದ ನದಿ, ಮೋಡದ ನದಿ

ಮೊದಲು ನಿಮ್ಮ ಆಯ್ಕೆಯ ನದಿಗೆ ನೀರು ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳಿ. ಉಳಿದದ್ದೆಲ್ಲ ಅದರ ನಂತರದ ಮಾತು.

ಮುಂಬೈ ಕಡೆಯವರು ರಾಫ್ಟಿಂಗ್ ಎಂದರೆ ರಾಯಗಡ ಜಿಲ್ಲೆಯ ಕೋಲಾಡ್‌ಗೆ, ಕುಂಡಲಿಕಾ ನದಿಗೆ ಹೋಗುತ್ತಾರೆ. ಆ ನೀರು ಭಿರಾ ವಿದ್ಯುತ್ ಕೇಂದ್ರದಿಂದ ಬರುತ್ತದೆ. ಅಲ್ಲಿ ವಿದ್ಯುತ್ ತಯಾರಿಸಿದ ಮೇಲೆ ಬಿಟ್ಟ ನೀರೇ ಬೆಳಗ್ಗೆ ನದಿಯನ್ನು ತುಂಬಿಸುತ್ತದೆ. ನಮ್ಮ ದಾಂಡೇಲಿಯ ಕಾಳಿ ನದಿಯೂ ಹೀಗೆಯೇ, ಅದಕ್ಕೆ ಸೂಪಾ ಅಣೆಕಟ್ಟಿನ ನೀರು. ಇವು ಗಡಿಯಾರದ ನದಿಗಳು. ನೀರು ಯಾವಾಗ, ಹೆಚ್ಚುಕಡಿಮೆ ಎಷ್ಟು ಎಂದು ಹೇಳಬಲ್ಲವರು ಯಾರೋ ಒಬ್ಬರು ಇರುತ್ತಾರೆ.

ಉಡುಪಿ ಜಿಲ್ಲೆಯ ಹೆಬ್ರಿ ಬಳಿಯ ಸೀತಾ ನದಿ, ದಕ್ಷಿಣ ಕೊಡಗಿನ ಬರಪೊಳೆ, ಕೋಝಿಕ್ಕೋಡ್ ಜಿಲ್ಲೆಯ ಚಾಲಿಪ್ಪುಝ ಮತ್ತು ಇರುವಂಜಿಪ್ಪುಝ ಬೇರೆ ಜಾತಿಯವು. ಕೊನೆಯ ಎರಡರಲ್ಲಿ ಮಳೆಗಾಲದಲ್ಲಿ ಮಲಬಾರ್ ರಿವರ್ ಫೆಸ್ಟಿವಲ್ ಎಂಬ ಕಯಾಕ್ ಸ್ಪರ್ಧೆಯೂ ನಡೆಯುತ್ತದೆ. ಈ ನದಿಗಳನ್ನು ಮೋಡದ ನದಿ ಎನ್ನೋಣ. ಜೂನ್‌ನಲ್ಲಿ ಎದ್ದು ಸೆಪ್ಟೆಂಬರ್ ಹೊತ್ತಿಗೆ ಇಳಿಯುತ್ತವೆ. ಫೆಬ್ರವರಿಯಲ್ಲಿ ಅದೇ ಬಂಡೆಗಳ ಮೇಲೆ ಬಟ್ಟೆ ಒಣಗಿಸಬಹುದು. ಸೀತೆಯ ಮೇಲ್ಭಾಗದಲ್ಲಿರುವ ಆಗುಂಬೆ ಸೀಮೆಗೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ಮಳೆ ಇವತ್ತು ಎಷ್ಟು, ನಾಳೆ ಎಷ್ಟು ಎಂದು ಹೇಳುವ ಗೇಟ್‌ಮ್ಯಾನ್ ಇಲ್ಲ.

ಉಲ್ಹಾಸ್ ಇವೆರಡರ ನಡುವಿನದು. ರಾಜಮಾಚಿ ಕಡೆಯ ಸಹ್ಯಾದ್ರಿಯಲ್ಲಿ ಹುಟ್ಟಿ ಕರ್ಜತ್, ನೇರಲ್, ವಾಂಗಣಿ, ಬದಲಾಪುರ ದಾಟಿ ನಮ್ಮ ಕಡೆಗೆ ಬರುತ್ತದೆ. ಭಿವ್ಪುರಿ ವಿದ್ಯುತ್ ಕೇಂದ್ರದ ನೀರು ಸೇರುವುದರಿಂದ ಬೇಸಿಗೆಯಲ್ಲೂ ಪೂರ್ತಿ ಒಣಗುವುದಿಲ್ಲ. ಆದರೆ ಮಳೆಗಾಲದಲ್ಲಿ ಅದನ್ನು ಆಳುವುದು ಘಟ್ಟದ ಮೋಡವೇ. ಬಾರ್ವಿ ಅಣೆಕಟ್ಟು ತುಂಬಿದರೆ ಅದರ ನೀರೂ ಇದಕ್ಕೇ ಬರುತ್ತದೆ.

ಇಲ್ಲಿಯೇ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಶಹಾಡ್, ಮೋಹನೆ, ರಾಯತೆ ಸೇತುವೆಯ ಆಸುಪಾಸು ದೋಣಿ ಇಳಿಸುವ ಜಾಗವಲ್ಲ. ನೀರು ಎತ್ತುವುದಕ್ಕೆ ಕಟ್ಟಿದ ಒಡ್ಡುಗಳಿವೆ, ಸೇತುವೆಯ ಕಂಬಗಳಿವೆ, ಕಾಲಿಗೆ ಹುಟ್ಟಿಗೆ ಸುತ್ತಿಕೊಳ್ಳುವ ಅಂತರಗಂಗೆ ಇದೆ, ಊರಿನ ಚರಂಡಿ ಮತ್ತು ಕಾರ್ಖಾನೆಗಳ ನೀರಿದೆ. ಮೈಮೇಲೆ ಸಣ್ಣ ಗಾಯವಿದ್ದರೆ ಸಾಕು, ನೆರೆನೀರಿನಿಂದ ಇಲಿಜ್ವರ ಬರಬಹುದು. ನದಿ ಮನೆಗೆ ಹತ್ತಿರ ಇದೆ ಅನ್ನುವುದು ಅದರಲ್ಲಿ ಇಳಿಯಲು ಕಾರಣವಾಗಬಾರದು.

ನೀರು ಏರುವ ಬಗೆ

2019ರ ಜುಲೈ 26ರ ರಾತ್ರಿ ಮುಂಬೈಯಿಂದ ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ ಮತ್ತು ವಾಂಗಣಿ ನಡುವೆ ಉಲ್ಹಾಸ್ ನದಿಯ ನೆರೆಯಲ್ಲಿ ಸಿಕ್ಕಿಬಿತ್ತು. ಮರುದಿನ ದೋಣಿಗಳಲ್ಲಿ ಸುಮಾರು 1050 ಜನರನ್ನು ಹೊರತರಬೇಕಾಯಿತು. ರೈಲನ್ನೇ ನಿಲ್ಲಿಸಿದ ನೀರಿನ ಮುಂದೆ ನಿಮ್ಮ ಪ್ಲಾಸ್ಟಿಕ್ ಕಯಾಕ್ ಎಷ್ಟರದ್ದು?

ಅಷ್ಟು ದೊಡ್ಡ ನೆರೆಯೇ ಬೇಕೆಂದಿಲ್ಲ. 2024ರ ಜೂನ್ 30ರ ಭಾನುವಾರ ಲೋನಾವಳದ ಭೂಶಿ ಅಣೆಕಟ್ಟಿನ ಹಿಂಭಾಗದ ಝರಿಯಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಒಬ್ಬರನ್ನೊಬ್ಬರು ಹಿಡಿದುಕೊಂಡು ಬಂಡೆಯ ಮೇಲೆ ನಿಂತ ಆ ವಿಡಿಯೋ ನಮ್ಮಲ್ಲಿ ನೋಡದವರು ಕಡಿಮೆ. ಅವರು ಸಾಹಸಕ್ಕೆ ಹೋದವರಲ್ಲ, ಮಕ್ಕಳನ್ನು ಕರೆದುಕೊಂಡು ತಿರುಗಾಡಲು ಹೋದವರು.

ಹೀಗೇಕೆ ಆಗುತ್ತದೆ? ಕಾರಣ ಮೂರು. ಒಂದು, ಘಟ್ಟದ ಇಳಿಜಾರು. ನೀವು ನಿಂತಲ್ಲಿ ಬಿಸಿಲಿರಬಹುದು, ಹತ್ತು ಕಿಲೋಮೀಟರ್ ಮೇಲೆ ಮಳೆ ಹೊಯ್ಯುತ್ತಿರಬಹುದು. ಆ ನೀರು ನಿಮ್ಮಲ್ಲಿಗೆ ಬರಲು ಜಾಗವನ್ನು ನೋಡಿಕೊಂಡು ಕೆಲವು ನಿಮಿಷವೂ ಸಾಕು, ಕೆಲವು ಗಂಟೆಯೂ ಬೇಕು. ಎರಡು, ನೆಲ. ಜೂನ್ ಮೊದಲ ವಾರದ ಒಣನೆಲ ಮಳೆಯನ್ನು ಕುಡಿಯುತ್ತದೆ. ಜುಲೈ ಮಧ್ಯಕ್ಕೆ ಅದರ ಹೊಟ್ಟೆ ತುಂಬಿರುತ್ತದೆ. ಅಷ್ಟೇ ಮಳೆಗೆ ನದಿ ಆಗ ಬೇಗ ಏರುತ್ತದೆ, ಹೆಚ್ಚು ಏರುತ್ತದೆ. ಮೂರು, ಏರುವುದು ಬೇಗ, ಇಳಿಯುವುದು ನಿಧಾನ. ಮಳೆ ನಿಂತಿತು ಎಂದ ಕೂಡಲೇ ನದಿ ಇಳಿಯುವುದಿಲ್ಲ. ಕೆಲವೊಮ್ಮೆ ಮಳೆ ನಿಂತ ಮೇಲೆಯೇ ಅದರ ತುದಿಮಟ್ಟ ಬರುತ್ತದೆ.

ಹವಾಮಾನ ಇಲಾಖೆಯ ಭಾಷೆ ಕಲಿತರೆ ಅರ್ಧ ಕೆಲಸ ಆದಂತೆ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಭಾರಿ ಮಳೆ. 115.6ರಿಂದ 204.4ರವರೆಗೆ ಅತಿ ಭಾರಿ. ಅದಕ್ಕೂ ಮೇಲೆ ಅತ್ಯಂತ ಭಾರಿ ಮಳೆ. ನೀವು ನೋಡಬೇಕಾದದ್ದು ನೀವಿರುವ ಊರಿನ ಮುನ್ಸೂಚನೆ ಅಲ್ಲ, ನದಿ ಹುಟ್ಟುವ ಕಡೆಯದು. ಕಲ್ಯಾಣಕ್ಕೆ ಹಳದಿ ಇದ್ದು ರಾಯಗಡದ ಘಟ್ಟಕ್ಕೆ ಕಿತ್ತಳೆ ಇದ್ದರೆ, ಉಲ್ಹಾಸ್‌ಗೆ ಅನ್ವಯಿಸುವುದು ಕಿತ್ತಳೆ. ಹಾಗೆಯೇ ಹೆಬ್ರಿಗೆ ಹೋಗುವವರು ಆಗುಂಬೆ ಕಡೆ ನೋಡಬೇಕು.

ಬಂಡೆ ಮತ್ತು ನೊರೆ

ರ್ಯಾಪಿಡ್‌ಗಳನ್ನು ಜಗತ್ತಿನಾದ್ಯಂತ ಒಂದರಿಂದ ಆರರವರೆಗೆ ವರ್ಗ ಮಾಡುತ್ತಾರೆ. ಒಂದು ಎಂದರೆ ಸಣ್ಣ ಅಲೆ. ಎರಡು ಸುಲಭ, ದಾರಿ ಕಣ್ಣಿಗೆ ಕಾಣುತ್ತದೆ. ಮೂರರಲ್ಲಿ ದೋಣಿಯನ್ನು ತಿರುಗಿಸುವುದು ಚೆನ್ನಾಗಿ ಗೊತ್ತಿರಬೇಕು. ನಾಲ್ಕು, ಐದು ಪಳಗಿದವರಿಗೆ ಮಾತ್ರ. ಆರು ಎಂದರೆ ಬಹುಮಟ್ಟಿಗೆ ಇಳಿಯಬಾರದ್ದು. ಆದರೆ ಈ ಅಂಕಿ ನದಿಯ ಹಣೆಬರಹ ಅಲ್ಲ. ಮೋಡದ ನದಿಯಲ್ಲಿ ಬೆಳಗ್ಗೆ ಎರಡು ಇದ್ದದ್ದು ಮಧ್ಯಾಹ್ನಕ್ಕೆ ನಾಲ್ಕು ಆಗಬಹುದು. "ಹೋದ ವರ್ಷ ನಾವು ಹೋಗಿದ್ದೆವು, ಸುಲಭ ಇತ್ತು" ಎಂಬ ಮಾತಿಗೆ ಬೆಲೆ ಇಲ್ಲ. ಅವತ್ತು ನೀರು ಎಷ್ಟಿತ್ತು ಎಂದು ಕೇಳಿ.

ನೀರಿನ ಲೆಕ್ಕವೂ ವಿಚಿತ್ರ. ಒಂದು ಘನ ಮೀಟರ್ ನೀರು ಒಂದು ಟನ್ ತೂಗುತ್ತದೆ. ಅದರ ವೇಗ ಎರಡು ಪಟ್ಟಾದರೆ ನಿಮ್ಮ ಮೈಗೆ ತಾಗುವ ಬಲ ನಾಲ್ಕು ಪಟ್ಟಾಗುತ್ತದೆ. ಮೊಣಕಾಲಿನ ನೀರಿನಲ್ಲಿ ಗಟ್ಟಿಮುಟ್ಟಾದ ಆಳು ಉರುಳುವುದು ಇದರಿಂದಲೇ.

ಅಲೆ ದೊಡ್ಡದಿದ್ದರೆ ಹೆದರಿಕೆ ಆಗುತ್ತದೆ, ಆದರೆ ಹೆಚ್ಚಾಗಿ ಜೀವ ತೆಗೆಯುವುದು ಸದ್ದಿಲ್ಲದ ಜಾಗಗಳು. ದಡದಿಂದ ಬಾಗಿ ನೀರಿಗೆ ಬಿದ್ದ ಮರ ಅಂಥದ್ದು. ಅದರ ಕೊಂಬೆಗಳ ನಡುವೆ ನೀರು ಜರಡಿಯಲ್ಲಿ ಹೋದಂತೆ ಹೋಗುತ್ತದೆ, ಮನುಷ್ಯ ಅಲ್ಲಿಯೇ ಸಿಕ್ಕಿಕೊಳ್ಳುತ್ತಾನೆ. ಬುಡ ಕೊರೆದ ಬಂಡೆ ಇನ್ನೊಂದು. ನೀರು ಅದಕ್ಕೆ ಬಡಿದು ಹಿಂದಕ್ಕೆ ಚಿಮ್ಮದೆ ಸುಮ್ಮನೆ ಅಡಿಗೆ ಹೋಗುತ್ತಿದ್ದರೆ ಅದರ ಹತ್ತಿರ ಸುಳಿಯಬೇಡಿ. ಮೂರನೆಯದು ಒಡ್ಡು. ಇಲ್ಲಿ ಬಂಧಾರಾ ಅನ್ನುತ್ತಾರೆ, ನಮ್ಮ ಕರಾವಳಿಯಲ್ಲಿ ಕಿಂಡಿ ಅಣೆಕಟ್ಟು. ಮಳೆಗಾಲದ ಮೊದಲು ಕಿಂಡಿಯ ಹಲಗೆ ತೆಗೆದಿದ್ದರೂ ಕಂಬಗಳ ನಡುವೆ ಮರ, ಕಸ ಸಿಕ್ಕಿಕೊಂಡಿರುತ್ತದೆ. ನೀರು ಒಡ್ಡಿನ ಮೇಲಿಂದ ಹರಿಯುತ್ತಿದ್ದರೆ ಬುಡದಲ್ಲಿ ಮತ್ತೆ ಮತ್ತೆ ಒಳಕ್ಕೆ ಎಳೆದುಕೊಳ್ಳುವ ಸುಳಿ ಉಂಟಾಗುತ್ತದೆ. ಲೈಫ್ ಜಾಕೆಟ್ ಹಾಕಿದವನನ್ನೂ ಅದು ಸುಲಭದಲ್ಲಿ ಬಿಡುವುದಿಲ್ಲ. ಒಡ್ಡು ಬಂದರೆ ದೋಣಿ ಹೊತ್ತು ದಡದಲ್ಲಿ ನಡೆದು ದಾಟಿ. ಅದರಲ್ಲಿ ಮರ್ಯಾದೆ ಪ್ರಶ್ನೆ ಏನಿಲ್ಲ.

ದಿನದ ಲೆಕ್ಕ

ಈಗ ಯೋಜನೆಗೆ ಬರೋಣ. ಒಂದು ದಿನಕ್ಕೆ ಆರೆಂಟು ಕಿಲೋಮೀಟರ್ ಸಾಕು. ಇಳಿಯುವ ಜಾಗ, ಹತ್ತುವ ಜಾಗ, ನಡುವೆ ರಸ್ತೆ ಹತ್ತಿರ ಬರುವ ಕನಿಷ್ಠ ಎರಡು ಜಾಗ, ಇಷ್ಟು ನಕ್ಷೆಯಲ್ಲಿ ಗುರುತು ಮಾಡಿ. ಉಪಗ್ರಹ ಚಿತ್ರ ಬೇಸಿಗೆಯದ್ದಾಗಿರುತ್ತದೆ. ಅದರಲ್ಲಿ ಕಾಣುವ ಬಂಡೆಗಳು ಮಳೆಗಾಲದಲ್ಲಿ ನೀರಿನ ಅಡಿಯಲ್ಲಿರುತ್ತವೆ ಎಂಬುದನ್ನು ನೆನಪಿಡಿ. ಸಾಧ್ಯವಾದರೆ ಬೇಸಿಗೆಯಲ್ಲೇ ಒಮ್ಮೆ ದಡದಲ್ಲಿ ನಡೆದು ನೋಡಿ. ನೀರಿಲ್ಲದಾಗ ಕಂಡ ನದಿಯೇ ನೀರಿದ್ದಾಗ ನಿಮ್ಮನ್ನು ಕಾಯುವುದು.

ಬರೀ ತೇಲಿಕೊಂಡು ಹೋದರೆ ಎರಡು ಗಂಟೆಯ ದಾರಿಗೆ ಐದು ಗಂಟೆ ಇಡಿ. ಪ್ರತಿ ದೊಡ್ಡ ರ್ಯಾಪಿಡ್‌ಗೂ ಮೊದಲು ದಡಕ್ಕೆ ಬಂದು ಇಳಿದು ನೋಡಬೇಕು. ಒಂದೆರಡು ಕಡೆ ದೋಣಿ ಹೊರಬೇಕು. ಒಬ್ಬ ಮಗುಚಿದರೆ ಅವನನ್ನೂ ಅವನ ಹುಟ್ಟನ್ನೂ ಹುಡುಕಲು ಅರ್ಧ ಗಂಟೆ ಹೋಗುತ್ತದೆ. ಬೆಳಗ್ಗೆ ಎಂಟೂವರೆಗೆ ಇಳಿದು ಮಧ್ಯಾಹ್ನ ಎರಡರ ಒಳಗೆ ಮೇಲೆ ಬನ್ನಿ. ಮಳೆಗಾಲದಲ್ಲಿ ಕಣಿವೆಯಲ್ಲಿ ನಾಲ್ಕೂವರೆಗೇ ಮಂಕು ಕವಿಯುತ್ತದೆ. ಊಟ, ಲುಹರ್ ನಮಾಜ್ ಎಲ್ಲಿ ಎಂದೂ ಮೊದಲೇ ಗೊತ್ತು ಮಾಡಿಕೊಳ್ಳಿ. ಹಸಿವಿನಲ್ಲಿ, ಗಡಿಬಿಡಿಯಲ್ಲಿ ಮಾಡಿದ ತೀರ್ಮಾನ ಸರಿ ಇರುವುದಿಲ್ಲ.

ಜನ ಮೂವರಿಗಿಂತ ಕಡಿಮೆ ಬೇಡ. ಒಬ್ಬನಿಗೆ ಪೆಟ್ಟಾದರೆ ಒಬ್ಬ ಜೊತೆಗಿರಬೇಕು, ಇನ್ನೊಬ್ಬ ಸಹಾಯ ತರಬೇಕು. ಅವರಲ್ಲಿ ಒಬ್ಬನಾದರೂ ಆ ನದಿಯನ್ನು ಅದೇ ಮಟ್ಟದ ನೀರಿನಲ್ಲಿ ಇಳಿದವನಾಗಿರಬೇಕು. ಹೊಸಬರಾದರೆ ಸ್ವಂತ ಸಾಹಸ ಬೇಡ, ಪರವಾನಗಿ ಇರುವ ರಾಫ್ಟಿಂಗ್‌ನವರ ಜೊತೆ ಹೋಗಿ. ಅವರನ್ನೂ ಪ್ರಶ್ನೆ ಕೇಳಿ: ಇವತ್ತಿನ ಮಟ್ಟ ಎಷ್ಟು? ಯಾವ ಮಟ್ಟ ದಾಟಿದರೆ ನೀವು ನಿಲ್ಲಿಸುತ್ತೀರಿ? ಉತ್ತರ ತಡವರಿಸಿದರೆ ಹಣ ಹೋದರೂ ಪರವಾಗಿಲ್ಲ, ವಾಪಸ್ ಬನ್ನಿ.

ಸಾಮಾನಿನ ಪಟ್ಟಿ ಚಿಕ್ಕದು. ನಿಮ್ಮ ತೂಕಕ್ಕೆ ಹೊಂದುವ, ಎಳೆದರೆ ಕಿವಿಯವರೆಗೆ ಜಾರದ ಲೈಫ್ ಜಾಕೆಟ್. ಹೆಲ್ಮೆಟ್. ಕಾಲು ಬಿಟ್ಟುಹೋಗದ ಶೂ, ಚಪ್ಪಲಿ ಅಲ್ಲ. ಕೊರಳಲ್ಲಿ ಅಲ್ಲ, ಜಾಕೆಟಿಗೆ ಕಟ್ಟಿದ ಸೀಟಿ. ಚೀಲದಲ್ಲಿ ತುಂಬಿದ, ಎಸೆಯಲು ಬರುವ 15ರಿಂದ 20 ಮೀಟರ್ ತೇಲುವ ಹಗ್ಗ. ನೀರು ಹೋಗದ ಚೀಲದಲ್ಲಿ ಫೋನು, ಔಷಧಿ, ಒಣ ಬಟ್ಟೆ. ಲಾರಿ ಟ್ಯೂಬ್, ಡ್ರಮ್ಮು, ಬಾಳೆಕಂಬದ ತೆಪ್ಪ ಇವೆಲ್ಲ ಊರ ಕೆರೆಗೆ ಸರಿ. ಇಲ್ಲಿಗಲ್ಲ.

ಅನುಮತಿಯ ವಿಷಯವೂ ಇದೆ. ಸೀತೆಯ ಮೇಲ್ಭಾಗ ಸೋಮೇಶ್ವರ ಅಭಯಾರಣ್ಯದಲ್ಲಿದೆ, ಅಲ್ಲಿ ಅರಣ್ಯ ಇಲಾಖೆಯನ್ನು ಕೇಳದೆ ಹೋಗಬಾರದು. ಠಾಣೆ, ರಾಯಗಡ, ಪುಣೆ ಜಿಲ್ಲೆಗಳಲ್ಲಿ ಮಳೆಗಾಲದಲ್ಲಿ ಜಲಪಾತ, ಅಣೆಕಟ್ಟುಗಳ ಸುತ್ತ ನಿಷೇಧಾಜ್ಞೆ ಹೊರಡಿಸುವುದುಂಟು. ಹೊರಡುವ ಹಿಂದಿನ ದಿನ ವಿಚಾರಿಸಿ.

ಬೇಡ ಎನ್ನುವ ಗೆರೆ

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯ ಮಾತು ಇನ್ನೂ ಬಾಕಿ ಇದೆ. ನಾವು ಮುಂಬೈ ಸೀಮೆಯ ಕನ್ನಡಿಗರಿಗೆ ಒಂದು ದೌರ್ಬಲ್ಯ ಇದೆ, ಅದು ರಜೆ. ಮೂರು ದಿನ ರಜೆ, ತಿಂಗಳ ಮೊದಲೇ ಮಾಡಿಸಿದ ಕೊಂಕಣ ರೈಲ್ವೆ ಟಿಕೆಟ್, ಊರಲ್ಲಿ ಕಾಯುತ್ತಿರುವ ಭಾವ. ನದಿ ಇದ್ಯಾವುದನ್ನೂ ಓದಿರುವುದಿಲ್ಲ.

ಒಂದು ಜುಲೈಯಲ್ಲಿ ನಾವು ನಾಲ್ವರು ಹೀಗೆಯೇ ಸೀತೆಯ ದಡದಲ್ಲಿ ನಿಂತಿದ್ದೆವು. ಜಾಕೆಟ್ ಹಾಕಿ ಆಗಿತ್ತು. ನಮ್ಮನ್ನು ಇಳಿಸಬೇಕಾದ ಹುಡುಗ ನೀರಿನ ಕಡೆ ನೋಡುತ್ತಾ, "ನಿನ್ನೆ ಸಂಜೆ ಆ ಕಲ್ಲು ಕಾಣ್ತಿತ್ತು, ಈಗ ಇಲ್ಲ. ಇವತ್ತು ಬೇಡ" ಎಂದ. ನಮ್ಮಲ್ಲೊಬ್ಬ ಜಗಳಕ್ಕೇ ನಿಂತ. "ಅಷ್ಟು ದೂರದಿಂದ ಬಂದಿದ್ದೇವೆ ಮಾರಾಯ, ಅರ್ಧ ದಾರಿಯಾದರೂ ಹೋಗೋಣ" ಎಂದ. ಹುಡುಗ ದೋಣಿಯ ಗಾಳಿ ತೆಗೆಯಲು ಶುರು ಮಾಡಿದ. ನಾವು ಹೆಬ್ರಿ ಪೇಟೆಗೆ ಬಂದು ಗೋಳಿಬಜೆ ತಿಂದು, ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಹೋದೆವು.

ಅವತ್ತು ನದಿಯಲ್ಲಿ ಏನೂ ಆಗಲಿಲ್ಲ. ನಾವು ಇಳಿದಿದ್ದರೂ ಏನೂ ಆಗದೆ ಇರಬಹುದಿತ್ತು. ವಾಪಸ್ ಬಂದವನಿಗೆ ತಾನು ಮಾಡಿದ್ದು ಸರಿ ಎಂಬ ಸಾಕ್ಷಿ ಯಾವತ್ತೂ ಸಿಗುವುದಿಲ್ಲ. ಇಳಿದು ಬಚಾವಾದವನಿಗೆ ಮಾತ್ರ ತಾನೇ ಸರಿ ಎಂಬ ಧೈರ್ಯ ಬರುತ್ತದೆ, ಮುಂದಿನ ಸಲ ಅವನು ಇನ್ನೂ ಎತ್ತರದ ನೀರಿಗೆ ಇಳಿಯುತ್ತಾನೆ. ಈ ಕಾರಣಕ್ಕೇ ಬೇಡ ಎನ್ನುವ ಗೆರೆಯನ್ನು ದಡದಲ್ಲಿ ಎಳೆಯಲು ಹೋಗಬಾರದು. ಮನೆಯಲ್ಲಿ, ತಲೆ ತಣ್ಣಗಿರುವಾಗ, ಕಾಗದದ ಮೇಲೆ ಬರೆದಿಡಬೇಕು.

ಬರೆಯಬೇಕಾದದ್ದು ಹೀಗೆ: ನದಿಯ ಮೇಲ್ಭಾಗಕ್ಕೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇದ್ದರೆ ಇಲ್ಲ. ನಾವು ಗುರುತು ಇಟ್ಟ ಕಲ್ಲು ಮುಳುಗಿದ್ದರೆ ಇಲ್ಲ. ದಡದಲ್ಲಿ ನೆಟ್ಟ ಕೋಲಿನ ಬಳಿ ಅರ್ಧ ಗಂಟೆಯಲ್ಲಿ ನೀರು ಏರುತ್ತಾ ಇದ್ದರೆ ಇಲ್ಲ. ನೀರು ಒಮ್ಮೆಲೇ ಕೆಂಪಾದರೆ, ಎಲೆ, ಕೊಂಬೆ, ತೆಂಗಿನಕಾಯಿ ತೇಲಿಬರಲು ತೊಡಗಿದರೆ, ಅಡಿಯಲ್ಲಿ ಕಲ್ಲು ಉರುಳುವ ಗುಡುಗುಡು ಸದ್ದು ಕೇಳಿದರೆ, ಇಳಿದಾಗಿದ್ದರೂ ದಡಕ್ಕೆ. ಗುಂಪಿನಲ್ಲಿ ಒಬ್ಬ ಬೇಡ ಎಂದರೂ ಎಲ್ಲರಿಗೂ ಬೇಡ. ಕಾರಣ ಕೇಳುವ ಹಾಗಿಲ್ಲ, ಆಮೇಲೆ ತಮಾಷೆ ಮಾಡುವ ಹಾಗೂ ಇಲ್ಲ.

ಇದರ ಜೊತೆಗೆ ಎರಡನೇ ಯೋಜನೆಯೂ ಇರಲಿ. ಬಾರ್ಕೂರಿನ ಕೋಟೆ ನೋಡಬಹುದು, ಅಜ್ಜಿ ಮನೆಗೆ ಹೋಗಬಹುದು. ಹೋಗಲು ಬೇರೆ ಜಾಗ ಇದ್ದವನಿಗೆ ನದಿ ಬಿಟ್ಟು ಬರುವುದು ಸುಲಭ.

ನೀರಿಗೆ ಬಿದ್ದರೆ

ಯೋಜನೆ ಎಷ್ಟೇ ಚೆನ್ನಾಗಿದ್ದರೂ ಒಮ್ಮೆ ಬೀಳುತ್ತೀರಿ. ಆಗ ಎದ್ದು ನಿಲ್ಲಲು ಹೋಗಬೇಡಿ. ಓಡುವ ನೀರಿನಲ್ಲಿ ಕಾಲೂರಿದರೆ ಪಾದ ಕಲ್ಲುಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ನೀರು ಬೆನ್ನು ತಳ್ಳಿ ಮುಖವನ್ನು ಒಳಗೆ ಹಾಕುತ್ತದೆ. ಬೆನ್ನ ಮೇಲೆ ಮಲಗಿ, ಪಾದಗಳನ್ನು ನೀರಿನ ಮೇಲೆ ತಂದು ಹರಿವಿನ ಕಡೆಗೆ ಚಾಚಿ. ಬಂಡೆ ಬಂದರೆ ಕಾಲಿನಿಂದ ತಳ್ಳಿಕೊಳ್ಳಬಹುದು. ನೀರು ಸ್ವಲ್ಪ ಶಾಂತವಾದ ಕೂಡಲೇ ಹೊಟ್ಟೆಯ ಮೇಲೆ ಹೊರಳಿ ದಡಕ್ಕೆ ಜೋರಾಗಿ ಈಜಿ. ಬಿದ್ದ ಮರ ಎದುರು ಬಂದು ತಪ್ಪಿಸಲು ಆಗದಿದ್ದರೆ ಮಾತ್ರ ತಲೆ ಮುಂದಿಟ್ಟು ಈಜಿ ಅದರ ಮೇಲಕ್ಕೆ ಹತ್ತಬೇಕು, ಅಡಿಗೆ ಹೋಗಬಾರದು.

ದಡದಲ್ಲಿದ್ದವರು ಹಾರಬಾರದು. ಕೂಗಿ, ಹಗ್ಗ ಎಸೆಯಿರಿ, ಕೋಲು ಚಾಚಿ. ಹಗ್ಗವನ್ನು ಕೈಗೆ, ಸೊಂಟಕ್ಕೆ ಸುತ್ತಿಕೊಳ್ಳಬೇಡಿ. ಒಬ್ಬನನ್ನು ಉಳಿಸಲು ಹಾರಿ ಇಬ್ಬರು ಹೋದ ಕಥೆ ನಮ್ಮ ಎಷ್ಟೋ ಜಮಾಅತ್‌ಗಳಿಗೆ ಹೊಸದಲ್ಲ.

ಕೊನೆಯದಾಗಿ, ಮನೆಯವರಿಗೆ ಹೇಳಿ ಹೋಗಿ. "ಫ್ರೆಂಡ್ಸ್ ಜೊತೆ ಹೊರಗೆ" ಎಂದಲ್ಲ. ಯಾವ ನದಿ, ಎಲ್ಲಿ ಇಳಿಯುವುದು, ಎಲ್ಲಿ ಹತ್ತುವುದು, ಎಷ್ಟು ಗಂಟೆಗೆ ಫೋನ್ ಮಾಡುತ್ತೇನೆ, ಮಾಡದಿದ್ದರೆ ಎಷ್ಟು ಗಂಟೆಗೆ 112ಕ್ಕೆ ಕರೆ ಮಾಡಬೇಕು ಎಂದು ಬರೆದು ಕೊಡಿ. ಉಮ್ಮನಿಗೆ ಹೇಳಿದರೆ ಬೈಯುತ್ತಾರೆ ಎಂದು ಹೇಳದೆ ಹೋಗುವವರೇ ಹೆಚ್ಚು. ಸಂಜೆಯಾದರೂ ಬರದಿದ್ದಾಗ ಎಲ್ಲಿ ಹುಡುಕಬೇಕೆಂದು ಗೊತ್ತಿಲ್ಲದೆ ಕೂರುವವರೂ ಅದೇ ಉಮ್ಮ. ಹಿರಿಯರಿಗೂ ಒಂದು ಮಾತು: ಕೇಳಿದ ಕೂಡಲೇ ಬೈದರೆ ಮುಂದಿನ ಸಲ ಅವರು ಕೇಳುವುದಿಲ್ಲ, ಹೋಗುತ್ತಾರೆ. ಜೊತೆಗೆ ಯಾರಿದ್ದಾರೆ, ಹಗ್ಗ ಇದೆಯಾ, ಗೆರೆ ಎಲ್ಲಿ ಎಳೆದಿದ್ದೀರಿ ಎಂದು ಕೇಳಿ.

ದುರಂತ ಆದ ಮೇಲೆ ಎಲ್ಲ ಅಲ್ಲಾಹನ ವಿಧಿ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ದುಃಖದಲ್ಲಿ ಆ ಮಾತು ಬೇಕು. ಆದರೆ ಒಂಟೆಯನ್ನು ಕಟ್ಟಿ ಆಮೇಲೆ ಭರವಸೆ ಇಡಬೇಕು ಎಂಬುದನ್ನೂ ನಾವು ಮದ್ರಸದಲ್ಲೇ ಕಲಿತಿದ್ದೇವೆ. ಆಗುಂಬೆಯ ಮಳೆ ಮುಂದಿನ ವರ್ಷವೂ ಬೀಳುತ್ತದೆ, ಸೀತೆ ಮುಂದಿನ ವರ್ಷವೂ ತುಂಬುತ್ತಾಳೆ. ಇವತ್ತು ಆ ಕಲ್ಲು ಕಾಣದಿದ್ದರೆ ದೋಣಿಯ ಗಾಳಿ ತೆಗೆಯಿರಿ.